ಕೈ ತಾಗಿದರೂ ಸಹಿ

ನಿನ್ನೆ ರಾತ್ರಿ ‘ಡಿಸ್ಟ್ರಿಕ್ಟ್ 9’ ಮತ್ತೆ ನೋಡಿದೆ. 2009ರ ಸಿನಿಮಾ, ನೀಲ್ ಬ್ಲಾಮ್‌ಕ್ಯಾಂಪ್ ನಿರ್ದೇಶನದ್ದು. ಜೊಹಾನ್ಸ್‌ಬರ್ಗ್‌ನ ನೆತ್ತಿಯ ಮೇಲೆ ಕೆಟ್ಟು ನಿಂತ ಹಡಗು, ಅದರಿಂದ ಇಳಿಸಿದ ಹಸಿದ ಅನ್ಯಗ್ರಹದವರು, ಅವರಿಗೆಂದು ಹಾಕಿದ ಕ್ಯಾಂಪು ಇಪ್ಪತ್ತು ವರ್ಷದಲ್ಲಿ ತಗಡಿನ ಕೊಳೆಗೇರಿ. ಹಿಂದೆ ನೋಡಿದಾಗ ನೆನಪುಳಿದದ್ದು ಬಂದೂಕುಗಳು. ಈ ಸಲ ತಲೆ ಕೊರೆದದ್ದು ನೋಟಿಸ್ ಹಾಳೆ.

ವಿಕಸ್ ಅನ್ನೋ ಕಂಪನಿ ನೌಕರ, ಮಾವನ ಕೃಪೆಯಿಂದ ಬಡ್ತಿ ಪಡೆದವನು, ಆ ಹಾಳೆ ಹಿಡಿದು ಮನೆ ಮನೆಗೆ ಹೋಗ್ತಾನೆ. ಹಿಂದೆ ಬಂದೂಕಿನವರು. ಎಲ್ಲರನ್ನೂ ಊರಾಚೆ ಸಾಗಿಸಬೇಕು, ಆದರೆ ‘ಕಾನೂನು ಪ್ರಕಾರ’, ಸಹಿ ಹಾಕಿಸಿಕೊಂಡೇ. ಒಬ್ಬ ಸಿಟ್ಟಿನಲ್ಲಿ ಹಾಳೆಗೆ ಹೊಡೆಯುತ್ತಾನೆ. ಗುರುತು ಬಿತ್ತಲ್ಲ, ಅದೇ ಸಹಿ ಅಂತ ವಿಕಸ್ ಖುಷಿಯಾಗಿ ಮುಂದಿನ ಮನೆಗೆ! ಹೆಬ್ಬೆಟ್ಟು ಒತ್ತಿಸಿಕೊಂಡು ಹೊಲ ಬರೆಸಿಕೊಂಡ ಕತೆಗಳನ್ನು ಕೇಳಿ ಬೆಳೆದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಇವನು ಕ್ರೂರಿಯ ಥರ ಕಾಣೋದೇ ಇಲ್ಲ, ಅದೇ ಭಯ. ಅನ್ಯಗ್ರಹದವರ ಮೊಟ್ಟೆಗಳಿದ್ದ ಗುಡಿಸಲಿಗೆ ಬೆಂಕಿ ಹಾಕಿಸಿ, ಪಾಪ್‌ಕಾರ್ನ್ ಸಿಡಿದ ಹಾಗೆ ಕೇಳಿಸುತ್ತೆ ನೋಡಿ ಅಂತ ಕ್ಯಾಮೆರಾಗೆ ವಿವರಿಸುತ್ತಾನೆ.

ಸಿನಿಮಾದ ಹೆಸರೂ ಸುಮ್ಮನೆ ಇಟ್ಟದ್ದಲ್ಲ. ಕೇಪ್‌ಟೌನ್‌ನ ಡಿಸ್ಟ್ರಿಕ್ಟ್ ಸಿಕ್ಸ್ ಅನ್ನು 1966ರಲ್ಲಿ ಬಿಳಿಯರಿಗೆ ಮಾತ್ರ ಅಂತ ಘೋಷಿಸಿ 60,000ಕ್ಕೂ ಹೆಚ್ಚು ಜನರನ್ನು ಎತ್ತಂಗಡಿ ಮಾಡಿದ್ದರು. ಆದರೆ ಸಿನಿಮಾವನ್ನು ಬರೀ ಕರಿಯ-ಬಿಳಿಯರ ಕತೆ ಅಂತ ಓದಿದರೆ ಅರ್ಧ ಕೈತಪ್ಪುತ್ತೆ. ಬ್ಲಾಮ್‌ಕ್ಯಾಂಪ್ ಮೊದಲು ಮಾಡಿದ ಕಿರುಚಿತ್ರದಲ್ಲಿ ಜನರಿಗೆ ಕೇಳಿದ್ದು ಜಿಂಬಾಬ್ವೆ, ನೈಜೀರಿಯಾದಿಂದ ಬಂದವರ ಬಗ್ಗೆ. ಆ ಉತ್ತರಗಳನ್ನೇ ಅನ್ಯಗ್ರಹದವರ ಕುರಿತ ಮಾತಾಗಿ ಬಳಸಿಕೊಂಡ. 2008ರ ಮೇ ತಿಂಗಳಲ್ಲಿ ಜೊಹಾನ್ಸ್‌ಬರ್ಗ್‌ನ ಅಲೆಕ್ಸಾಂಡ್ರಾ ಕೇರಿಯಲ್ಲಿ ಶುರುವಾದ ವಲಸಿಗರ ವಿರುದ್ಧದ ಗಲಭೆಯಲ್ಲಿ 60ಕ್ಕೂ ಹೆಚ್ಚು ಮಂದಿ ಸತ್ತರು. ವರ್ಣಭೇದ ಉಂಡವರ ಕೇರಿಗಳಲ್ಲೇ ‘ಇವರನ್ನು ಓಡಿಸಿ’ ಎಂಬ ಕೂಗು.

ಇನ್ನು ವಿಕಸ್ ಬದಲಾಗೋದು. ಮುಖಕ್ಕೆ ಕಪ್ಪು ದ್ರವ ಸಿಡಿದು, ಎಡಗೈ ಅನ್ಯಗ್ರಹದವರ ಕೈಯಾಗುತ್ತೆ. ಕೂಡಲೇ ಕಂಪನಿಗೆ ಅವನು ಅಳಿಯನೂ ಅಲ್ಲ, ನೌಕರನೂ ಅಲ್ಲ, ಕೊಯ್ದು ಮಾರಬಹುದಾದ ಮಾಲು. ಅಲ್ಲಿಂದ ಅವನು ಮನುಷ್ಯನಾಗುತ್ತಾನೆ ಅಂತ ಬರೆಯುವವರಿದ್ದಾರೆ. ನಾನಂತೂ ಒಪ್ಪಲ್ಲ. ವಾಸಿಯಾಗಲು ಮೂರು ವರ್ಷ ಬೇಕು ಅಂತ ತಿಳಿದದ್ದೇ ತಡ, ನೆರವಿಗೆ ಬಂದ ಅನ್ಯಗ್ರಹದವನನ್ನೇ ಹೊಡೆದು ಕೆಡವಿ ನೌಕೆ ಹಾರಿಸಿಕೊಂಡು ಹೋಗ್ತಾನೆ. ಮೈ ಬದಲಾದರೂ ಬುದ್ಧಿ ಹಳೇದೇ. ತಿರುಗಿ ನಿಲ್ಲೋದು ಕೊನೇ ಗಳಿಗೆಯಲ್ಲಿ.

ಇಷ್ಟೆಲ್ಲ ಸೂಕ್ಷ್ಮವಿರುವ ಸಿನಿಮಾ ನೈಜೀರಿಯಾದವರನ್ನು ತೋರಿಸಿದ್ದು ಹೇಗೆ? ರೌಡಿಗಳು, ಮಾಟಮಂತ್ರದವರು, ಅನ್ಯಗ್ರಹದವರ ಮಾಂಸ ತಿಂದರೆ ಶಕ್ತಿ ಬರುತ್ತೆ ಅಂತ ನಂಬುವವರು. ಆ ರೌಡಿಗಳ ಮುಖ್ಯಸ್ಥನ ಹೆಸರು ನೈಜೀರಿಯಾದ ಮಾಜಿ ಅಧ್ಯಕ್ಷ ಒಬಸಾಂಜೊ ಅವರ ಹೆಸರಿಗೆ ಅಂಟಿಕೊಂಡ ಹಾಗಿದೆ. ಆಗಿನ ಮಾಹಿತಿ ಸಚಿವೆ ಡೋರಾ ಅಕುನ್ಯಿಲಿ ಚಿತ್ರಮಂದಿರಗಳಿಗೆ ಪ್ರದರ್ಶನ ನಿಲ್ಲಿಸಲು ಹೇಳಿದರು. ನಿಷೇಧ ನನಗೆ ಸರಿ ಕಾಣಲ್ಲ, ಸಿಟ್ಟು ಮಾತ್ರ ನ್ಯಾಯವಾದದ್ದೇ.

ಆ ಕೇರಿಯಲ್ಲಿ ನೋಟಿಸನ್ನು ಪೂರ್ತಿ ಓದಿ, ಇದು ಕಾನೂನುಬದ್ಧವಲ್ಲ ಅಂದವನು ಒಬ್ಬನಿದ್ದ. ಅವನಿಗೆ ವಿಕಸ್ ಕೊಟ್ಟ ಉತ್ತರ: ನಿನ್ನ ಮಗನನ್ನು ಕರ್ಕೊಂಡು ಹೋಗ್ತೀವಿ. ಕಡತದಲ್ಲಿ ಅವನ ಹೆಸರು ಕ್ರಿಸ್ಟೋಫರ್ ಜಾನ್ಸನ್. ಅವನ ಮಗ ಅವನನ್ನು ಏನಂತ ಕರೀತಿದ್ದನೋ, ಯಾರೂ ಕೇಳಲಿಲ್ಲ.