ತೋಟದಲ್ಲಿ ರಾಜಕೀಯ ಬೇಡ ಸ್ವಾಮಿ

ಇಂಗ್ಲೆಂಡಲ್ಲಿ ಹಳೇ ಬಂಗಲೆ, ತೋಟ ಕಾಪಾಡೋ ನ್ಯಾಷನಲ್ ಟ್ರಸ್ಟ್ ಅನ್ನೋ ಸಂಸ್ಥೆಯ ರಂಪ ನಿಮಗೆ ಗೊತ್ತೇ ಇರುತ್ತೆ, ಮತ್ತೆ ಪೂರ್ತಿ ಹೇಳಕ್ಕೆ ಹೋಗಲ್ಲ. 2020ರ ಸೆಪ್ಟೆಂಬರಲ್ಲಿ ಅವ್ರು ಒಂದು ವರದಿ ಬಿಟ್ರು, ನಾವು ನೋಡ್ಕೊಳ್ತಿರೋ ಬಂಗಲೆ, ತೋಟ, ಎಸ್ಟೇಟುಗಳಲ್ಲಿ 93ಕ್ಕೆ ಗುಲಾಮಗಿರಿಯದ್ದೋ ವಸಾಹತುಗಳದ್ದೋ ನಂಟಿದೆ ಅಂತ. ಹೇಳಿದ್ದು ಅಷ್ಟೇ. ಒಂದು ಗುಲಾಬಿ ಗಿಡ ಕಿತ್ತಿಲ್ಲ, ಯಾರ ಟೀಗೂ ಉಪ್ಪು ಹಾಕಿಲ್ಲ. ಆದ್ರೂ ಎದ್ದ ಬೊಬ್ಬೆ ನೋಡ್ಬೇಕಿತ್ತು. ಲಿಸ್ಟಲ್ಲಿ ಚರ್ಚಿಲ್ ಸಾಹೇಬ್ರ ಮನೆ ಚಾರ್ಟ್‌ವೆಲ್ ಬೇರೆ ಇತ್ತಲ್ಲ, ಕೇಳ್ಬೇಕಾ, ಎಂಪಿಗಳು ಪತ್ರ ಬರೆದ್ರು, ಪೇಪರ್‌ನವ್ರು ಎದೆ ಬಡ್ಕೊಂಡ್ರು, ನಾವು ದುಡ್ಡು ಕಟ್ಟಿರೋದು ಹೂ ನೋಡಿ ಸ್ಕೋನ್ ತಿನ್ನಕ್ಕೆ, ಪಾಠ ಕೇಳಕ್ಕಲ್ಲ ಅಂತ ಮೆಂಬರುಗಳು ಕೂಗಾಡಿದ್ರು. ಕೊನೆಗೆ ಇಂಥಾ ದತ್ತಿ ಸಂಸ್ಥೆಗಳ ಮೇಲೆ ಕಣ್ಣಿಡೋ ಚಾರಿಟಿ ಕಮಿಷನ್ ಪರಿಶೀಲನೆ ಮಾಡಿ 2021ರಲ್ಲಿ, ಟ್ರಸ್ಟ್ ಯಾವ ನಿಯಮಾನೂ ಮುರಿದಿಲ್ಲ ಅಂತ ಹೇಳ್ತು. ಅಲ್ಲಿಗೆ ಮುಗೀತಾ, ಇಲ್ಲ, ಜಗಳ ಇನ್ನೂ ಹೊಗೆ ಆಡ್ತಾನೇ ಇದೆ.

ಆಗಿಂದ ನನಗೂ ಈ ಇಂಗ್ಲಿಷ್ ತೋಟಗಳ ಚರಿತ್ರೆ ಓದೋ ಚಟ ಹತ್ಕೊಂಡಿದೆ. ಓದ್ತಾ ಓದ್ತಾ ಆ ಮೆಂಬರುಗಳು ಹೇಳೋದ್ರಲ್ಲೂ ನ್ಯಾಯ ಇದೆ ಅನ್ಸಕ್ಕೆ ಶುರುವಾಗಿದೆ. ಯೋಚನೆ ಮಾಡಿ, ಅಷ್ಟೊಂದು ದುಡ್ಡು ಸುರಿದು, ಬೆಟ್ಟದಷ್ಟು ಮಣ್ಣು ಹೊತ್ತು, ಇಲ್ಲಿ ಯಾರೂ ಏನೂ ಮಾಡೇ ಇಲ್ಲ, ದೇವ್ರು ಹೀಗೇ ಇಟ್ಟಿದ್ದ ಅನ್ನೋ ಹಾಗೆ ಕಾಣೋ ಜಾಗ ಮಾಡಿಟ್ಟಿದಾರೆ. ಅಂಥಾ ಕಡೆ ಹೋಗಿ, ಇಲ್ಲಿ ಏನೇನಾಯ್ತು ಅಂತ ಬೋರ್ಡ್ ನೆಟ್ರೆ ಅದು ಆ ಕಲೆಗೇ ಮಾಡಿದ ಅವಮಾನ ಅಲ್ವಾ.

ಮೊದಮೊದಲು ಅವ್ರೂ ಫ್ರೆಂಚರ ಥರಾನೇ ಗೆರೆ ಎಳೆದು ಗಿಡ ಕತ್ತರಿಸ್ತಿದ್ರು. ಹದಿನೆಂಟನೇ ಶತಮಾನದಲ್ಲಿ ಇದ್ದಕ್ಕಿದ್ದ ಹಾಗೆ ಜ್ಞಾನೋದಯ ಆಯ್ತು, ನಿಸರ್ಗದಲ್ಲಿ ನೇರ ಗೆರೆ ಇರಲ್ಲ ಅಂತ. ಸರಿ, ನಿಸರ್ಗ ತಯಾರು ಮಾಡೋ ಕಾಂಟ್ರಾಕ್ಟು ಶುರು. ವಿಲಿಯಂ ಕೆಂಟ್ ಅಂತ ಒಬ್ಬ ಇದ್ದ, ಲಂಡನ್ನಿನ ಕೆನ್ಸಿಂಗ್ಟನ್ ಗಾರ್ಡನ್ಸಲ್ಲಿ ಸತ್ತ ಮರಗಳನ್ನ ತಂದು ನೆಡ್ಸಿದ್ನಂತೆ. ನಿಸರ್ಗದಲ್ಲಿ ಒಣಗಿದ ಮರಾನೂ ಇರುತ್ತಲ್ಲ, ಅದಕ್ಕೆ. ಬದುಕಿರೋ ಮರ ಕಡಿದು, ಸತ್ತಿರೋ ಮರ ನೆಟ್ಟು, ಬಿಲ್ ಮಾಡೋದು ಅಂದ್ರೆ ನಮ್ಮ ಯಾವ ನಗರಸಭೆಗೂ ಇವತ್ತಿಗೂ ಹೊಳೆಯದೇ ಇರೋ ಐಡಿಯಾ ಕಣ್ರೀ.

ಆಮೇಲೆ ಬಂದ ನೋಡಿ ಲಾನ್ಸಲಾಟ್ ಬ್ರೌನ್. ಯಾವ ಎಸ್ಟೇಟಿಗೆ ಹೋದ್ರೂ ಕುದುರೆ ಮೇಲೆ ಒಂದು ರೌಂಡ್ ಹೊಡೆದು, ನಿಮ್ಮ ಜಾಗಕ್ಕೆ ಭಾರಿ ಕೇಪಬಿಲಿಟಿ ಇದೆ ಸ್ವಾಮಿ ಅಂತಿದ್ನಂತೆ, ಹಾಗಾಗಿ ಕೇಪಬಿಲಿಟಿ ಬ್ರೌನ್ ಅಂತಾನೇ ಹೆಸರು ಬಿತ್ತು. ಸೈಟ್ ತೋರಿಸೋ ಬ್ರೋಕರ್‌ಗಳೆಲ್ಲ ಇವನ ಫೋಟೋ ಇಟ್ಟು ಊದಿನಕಡ್ಡಿ ಹಚ್ಚಬೇಕು. 170ಕ್ಕೂ ಹೆಚ್ಚು ಪಾರ್ಕುಗಳಲ್ಲಿ ಇವನ ಕೈವಾಡ ಇದೆ. ಬ್ಲೆನಿಮ್ ಅರಮನೆ ಮುಂದೆ ಒಂದು ದೈತ್ಯ ಸೇತುವೆ ಇತ್ತು, ಒಳಗೆ ರೂಮುಗಳೇ ಇರೋ ಅಂಥಾ ಸೇತುವೆ, ಕೆಳಗೆ ಮಾತ್ರ ಗ್ಲೈಮ್ ಅನ್ನೋ ಒಂದು ಬಡಪಾಯಿ ಹಳ್ಳ. ಬ್ರೌನ್ ಆ ಹಳ್ಳಕ್ಕೆ ಅಣೆಕಟ್ಟು ಕಟ್ಟಿ ಕೆರೆ ಮಾಡ್ದ, ಸೇತುವೆ ಕೆಳಗಿನ ರೂಮುಗಳು ನೀರಲ್ಲಿ ಮುಳುಗಿ ಹೋದ್ವು. ಇನ್ಮೇಲೆ ಥೇಮ್ಸ್ ನದಿ ನನ್ನನ್ನ ಯಾವತ್ತೂ ಕ್ಷಮಿಸಲ್ಲ ಅಂತ ಜಂಬ ಬೇರೆ ಕೊಚ್ಕೊಂಡ್ನಂತೆ. ಅವನ ಕಾಲದಲ್ಲೇ ರಿಚರ್ಡ್ ಓವನ್ ಕೇಂಬ್ರಿಡ್ಜ್ ಅನ್ನೋ ಕವಿ, ನಾನು ಬ್ರೌನ್‌ಗಿಂತ ಮುಂಚೆ ಸಾಯ್ಬೇಕು, ಅವನು ಹೋಗಿ ಸ್ವರ್ಗಾನ ರಿಪೇರಿ ಮಾಡೋಕ್ಕೆ ಮುಂಚೆ ಒಂದ್ಸಲ ಅದನ್ನ ನೋಡ್ಬೇಕು ಅಂದಿದ್ದ. ಪಾಪ, ಆಸೆ ಈಡೇರಲಿಲ್ಲ, ಬ್ರೌನ್ 1783ರಲ್ಲೇ ಹೊರಟುಹೋದ.

ಇವ್ರ ಇನ್ನೊಂದು ಚಮತ್ಕಾರ ಹಾಹಾ. ಹೌದು, ಅದರ ಹೆಸರೇ ಅದು. ಬೇಲಿ ಹಾಕಿದ್ರೆ ಕಣ್ಣಿಗೆ ಚುಚ್ಚುತ್ತೆ, ಹಾಕ್ದೇ ಇದ್ರೆ ದನ ಕುರಿ ಬಂದು ದೊರೆಸಾನಿ ಹೂಗಿಡ ಮೇಯ್ತವೆ. ಅದಕ್ಕೆ ಮನೆ ಮುಂದೆ ಉದ್ದಕ್ಕೂ ಒಂದು ಕಂದಕ ತೋಡಿ, ಒಂದು ಬದಿಗೆ ನೆಟ್ಟಗೆ ಗೋಡೆ, ಇನ್ನೊಂದು ಬದಿಗೆ ಹುಲ್ಲಿನ ಇಳಿಜಾರು. ಮಹಡಿ ಕಿಟಕಿಯಿಂದ ನೋಡಿದ್ರೆ ಹುಲ್ಲುಹಾಸು ಅಡ್ಡಿಯಿಲ್ಲದೆ ದಿಗಂತದ ತನಕ ಹರ್ಕೊಂಡು ಹೋದ ಹಾಗೆ ಕಾಣುತ್ತೆ, ಕುರಿಗಳು ಚಿತ್ರದಲ್ಲಿದ್ದ ಹಾಗೆ ಮೇಯ್ತಿರ್ತವೆ, ಹತ್ರ ಮಾತ್ರ ಬರಕ್ಕಾಗಲ್ಲ. ಗೋಡೆ ಇದೆ, ಆದ್ರೆ ಗೋಡೆ ಕಟ್ಟಿಸಿದವನಿಗೆ ಮಾತ್ರ ಅದು ಕಾಣಲ್ಲ. ಆಚೆ ಕಡೆ ನಿಂತಿರೋ ಕುರಿಗೂ ಕುರಿ ಕಾಯೋನಿಗೂ ಚೆನ್ನಾಗೇ ಕಾಣುತ್ತೆ.

ಹಾಗಂತ ಎಲ್ಲ ಅಡ್ಡಿಗಳೂ ಕಂದಕಕ್ಕೆ ಬಗ್ಗಲ್ಲ. ಕೆಲವು ಕಡೆ ದೊರೆ ಮನೆ ಮುಂದೆ ಊರೇ ಇತ್ತು. ಡಾರ್ಸೆಟ್ಟಲ್ಲಿ ಜೋಸೆಫ್ ಡೇಮರ್ ಅಂತ ಒಬ್ಬ ಲಾರ್ಡ್ ಮಿಲ್ಟನ್, ಅವನ ಮನೆ ಪಕ್ಕದಲ್ಲಿ ಸಂತೆ ಇದ್ದ, ಸ್ಕೂಲಿದ್ದ, ಹೆಂಡದಂಗಡಿ ಇದ್ದ ಸಾಕ್ಷಾತ್ ಒಂದು ಪೇಟೆ. ವ್ಯೂ ಹಾಳಾಗ್ತಿತ್ತಂತೆ. ಒಂದೊಂದೇ ಮನೆ ಬಿಡಿಸ್ಕೊಂಡು ಕೆಡವ್ತಾ ಬಂದ, ಸ್ಕೂಲನ್ನ ಬೇರೆ ಊರಿಗೆ ಸಾಗಹಾಕ್ದ, ಜನಗಳಿಗೆ ಗುಡ್ಡದ ಮರೆಯಲ್ಲಿ, ತನ್ನ ಕಣ್ಣಿಗೆ ಬೀಳದ ಹಾಗೆ, 1780ರ ಹೊತ್ತಿಗೆ ಮಿಲ್ಟನ್ ಅಬ್ಬಾಸ್ ಅನ್ನೋ ಹೊಸ ಊರು ಕಟ್ಟಿಸ್ದ. ಒಂದೇ ಅಚ್ಚಿನ ಮನೆಗಳು ಎರಡೂ ಬದಿಗೆ. ಪ್ಲಾನ್ ಮಾಡಿದವರಲ್ಲಿ ನಮ್ಮ ಬ್ರೌನೂ ಒಬ್ಬ. ವಿಲಿಯಂ ಹ್ಯಾರಿಸನ್ ಅನ್ನೋ ಲಾಯರ್ ಒಬ್ಬ ಜಪ್ಪಯ್ಯ ಅಂದ್ರೂ ಮನೆ ಬಿಡಲ್ಲ ಅಂತ ಕೂತ, ದೊರೆ ಕೆರೆ ತೂಬು ತೆಗೆಸಿ ಅವನ ಮನೆಗೆ ನೀರು ನುಗ್ಗಿಸ್ದ ಅಂತಾರೆ, ಲಾಯರ್ ಕೇಸ್ ಹಾಕಿ ಗೆದ್ದ. ಗೆದ್ದ ಅನ್ನೋದೇ ಇದ್ರಲ್ಲಿ ಸಮಾಧಾನದ ವಿಷ್ಯ. ಈಗ ಆ ಊರಿನ ಬಿಳೀ ಗೋಡೆ ಹುಲ್ಲಿನ ಚಾವಣಿ ಮನೆಗಳ ಫೋಟೋ ಕ್ಯಾಲೆಂಡರಲ್ಲಿ ಬರುತ್ತೆ, ಅಪ್ಪಟ ಇಂಗ್ಲಿಷ್ ಹಳ್ಳಿ ಅಂತ. ಅಪ್ಪಟ ಪುನರ್ವಸತಿ ಕಾಲನಿ ಅದು.

ಆಕ್ಸ್‌ಫರ್ಡ್ ಹತ್ರ ನ್ಯೂನಮ್ ಕೋರ್ಟ್ನಿಯಲ್ಲೂ ಇದೇ ಕಥೆ. ಹಾರ್ಕೋರ್ಟ್ ಅನ್ನೋ ಅರ್ಲ್ ಊರನ್ನೇ ಎತ್ತಿಸಿ ದೂರದ ರಸ್ತೆ ಬದಿಗೆ ಹಾಕ್ದ. ಒಬ್ಬಳು ಅಜ್ಜಿ ಹೋಗಲ್ಲ ಅಂದಿದ್ದಕ್ಕೆ ಅವಳೊಬ್ಬಳ ಗುಡಿಸಲು ಅವಳಿರೋ ತನಕ ಬಿಟ್ರು. ಎಷ್ಟು ದೊಡ್ಡ ಮನಸ್ಸು. ಇದೇ ಅರ್ಲು 1777ರಲ್ಲಿ ಅದೇ ತೋಟದಲ್ಲಿ, ಬಾವಿಗೆ ಬಿದ್ದ ನಾಯಿನ ಎತ್ತಕ್ಕೆ ಹೋಗಿ ತಾನೇ ಬಾವಿಗೆ ಬಿದ್ದು ಸತ್ತ. ಇದನ್ನ ಓದಿ ನಗಬಾರದು ಅಂತ ತುಂಬಾ ಪ್ರಯತ್ನಪಟ್ಟೆ.

ಈಗ ಸನ್ಯಾಸಿ ವಿಷ್ಯಕ್ಕೆ ಬರೋಣ, ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ಇದು. ತೋಟ ಆಯ್ತು, ಕೆರೆ ಆಯ್ತು, ಹೊಸದಾಗಿ ಕಟ್ಟಿದ ಹಳೇ ಪಾಳು ದೇವಸ್ಥಾನ ಆಯ್ತು, ಆದ್ರೂ ಏನೋ ಕಮ್ಮಿ. ಒಂದು ಕುಟೀರ, ಅದರಲ್ಲಿ ಗಡ್ಡ ಬಿಟ್ಟ ಒಬ್ಬ ತಪಸ್ವಿ ಇದ್ರೆ ಬಂದ ನೆಂಟರಿಗೆ ಸ್ವಲ್ಪ ವೈರಾಗ್ಯದ ಫೀಲ್ ಬರುತ್ತಲ್ಲ. ಸರ್ರೆಯ ಪೇನ್ಸ್‌ಹಿಲ್ಲಲ್ಲಿ ಚಾರ್ಲ್ಸ್ ಹ್ಯಾಮಿಲ್ಟನ್ ಅನ್ನೋನು ಸನ್ಯಾಸಿ ಬೇಕಾಗಿದ್ದಾರೆ ಅಂತ ಜಾಹೀರಾತು ಕೊಟ್ಟ ಅಂತ ಪ್ರತೀತಿ. ಕಂಡೀಷನ್ನು ಕೇಳಿ. ಏಳು ವರ್ಷದ ಬಾಂಡು. ಕೂದಲು, ಗಡ್ಡ, ಉಗುರು ಯಾವುದೂ ಕತ್ತರಿಸೋ ಹಾಗಿಲ್ಲ. ಆಳುಗಳ ಜೊತೆ ಒಂದು ಮಾತೂ ಆಡೋ ಹಾಗಿಲ್ಲ. ಎಸ್ಟೇಟ್ ಬಿಟ್ಟು ಹೋಗೋ ಹಾಗಿಲ್ಲ. ಕಂಪನಿ ಕಡೆಯಿಂದ ಒಂದು ಬೈಬಲ್ಲು, ಒಂದು ಕನ್ನಡಕ, ಮಲಗಕ್ಕೆ ಚಾಪೆ, ಟೈಮ್ ನೋಡಕ್ಕೆ ಮರಳು ಗಡಿಯಾರ, ಊಟ ದೊಡ್ಡ ಮನೆಯಿಂದ. ಏಳು ವರ್ಷ ಪೂರೈಸಿದ್ರೆ 700 ಪೌಂಡ್, ನಡುವೆ ಬಿಟ್ರೆ ಒಂದು ಪೆನ್ನಿ ಕಾಸೂ ಇಲ್ಲ. ಎಕ್ಸ್‌ಪೀರಿಯೆನ್ಸ್ ಲೆಟರ್ ಕೊಡ್ತಿದ್ರೋ ಏನೋ. ಒಬ್ಬ ಮಹಾನುಭಾವ ಕೆಲಸಕ್ಕೆ ಸೇರ್ದ, ಮೂರು ವಾರ ವೈರಾಗ್ಯ ತಡ್ಕೊಂಡ, ಆಮೇಲೆ ಪಕ್ಕದೂರ ಪಬ್ಬಲ್ಲಿ ಸಿಕ್ಕಿಬಿದ್ದ. ಅವತ್ತೇ ಡಿಸ್ಮಿಸ್. ಶ್ರಾಪ್‌ಶೈರಿನ ಹಾಕ್‌ಸ್ಟೋನ್ ಪಾರ್ಕಿನವ್ರು ಇನ್ನೂ ಶಾಣ್ಯಾರು, ಫಾದರ್ ಫ್ರಾನ್ಸಿಸ್ ಅನ್ನೋ ಸನ್ಯಾಸಿ ಜಾಗದಲ್ಲಿ ಮುಂದೆ ಗೊಂಬೇನೇ ಕೂರಿಸಿಬಿಟ್ರು. ಗೊಂಬೆ ಪಬ್ಬಿಗೆ ಹೋಗಲ್ಲ, ಸಂಬಳ ಕೇಳಲ್ಲ.

ಹ್ಯಾಮಿಲ್ಟನ್ ಕಡೆಗೆ ತೋಟದ ಹುಚ್ಚಲ್ಲೇ ದಿವಾಳಿ ಎದ್ದು 1773ರಲ್ಲಿ ಎಲ್ಲ ಮಾರಿಕೊಂಡ, ಅದಿರಲಿ. ನನ್ನ ತಲೆ ತಿನ್ನೋದು ಬೇರೆ. ಗುಡಿಸಲಲ್ಲಿ, ಗಡ್ಡ ಬಿಟ್ಕೊಂಡು, ಅರೆಹೊಟ್ಟೆಯಲ್ಲಿ ಬದುಕ್ತಿದ್ದೋರು ಆ ದೇಶದ ತುಂಬಾ ಬೇಕಾದಷ್ಟು ಜನ ಇದ್ರು, ಪುಕ್ಕಟೆ. ಅವ್ರನ್ನ ವ್ಯೂ ಕೆಡುತ್ತೆ ಅಂತ ಓಡಿಸಿ, ಅದೇ ಥರ ಗುಡಿಸಲು ಕಟ್ಟಿ, ಅದರಲ್ಲಿ ಕೂರಕ್ಕೆ ಏಳುನೂರು ಪೌಂಡ್ ಸಂಬಳಕ್ಕೆ ಆಳು ಹುಡುಕೋದು.

ಓಡಿಸಿದ್ದು ತೋಟಕ್ಕೆ ಮಾತ್ರ ಅಲ್ಲ ಬಿಡಿ. ನಮ್ಮಲ್ಲಿ ಗೋಮಾಳ ಅಂತೀವಲ್ಲ, ಊರವ್ರೆಲ್ಲ ದನ ಮೇಯಿಸ್ತಿದ್ದ, ಸೌದೆ ಆರಿಸ್ತಿದ್ದ ಅಂಥಾ ಜಾಗಗಳಿಗೆ ಬೇಲಿ ಹಾಕಕ್ಕೆ 1604ರಿಂದ 1914ರ ತನಕ ಅವ್ರ ಪಾರ್ಲಿಮೆಂಟು 5,200ಕ್ಕೂ ಹೆಚ್ಚು ಕಾಯ್ದೆ ಮಾಡ್ತು, ಒಟ್ಟು 68 ಲಕ್ಷ ಎಕರೆ, ಇಂಗ್ಲೆಂಡಿನ ಐದರಲ್ಲೊಂದು ಭಾಗ. ಒತ್ತುವರಿ ಅನ್ನಂಗಿಲ್ಲ, ಎಲ್ಲ ಕಾನೂನು ಪ್ರಕಾರ. ಕಾನೂನು ಮಾಡೋ ಸಭೆಯಲ್ಲಿ ಕೂತಿದ್ದೋರೇ ಬೇಲಿ ಹಾಕೋರು.

ದುಡ್ಡು ಎಲ್ಲಿಂದ ಬರ್ತಿತ್ತು ಅಂತ ಕೇಳೋ ಹಾಗಿಲ್ಲ, ಅದೇ ತಾನೇ ಗಲಾಟೆ. ಕೇಳ್ತೀನಿ. ಸರ್ರೆಯಲ್ಲೇ ಕ್ಲೇರ್‌ಮಾಂಟ್ ಅಂತ ಒಂದು ತೋಟ ಇದೆ, ಈಗ ನ್ಯಾಷನಲ್ ಟ್ರಸ್ಟ್ ಕೈಲಿದೆ. ಈ ಎಸ್ಟೇಟನ್ನ ರಾಬರ್ಟ್ ಕ್ಲೈವ್ ಕೊಂಡ್ಕೊಂಡ, ಹೌದು, ಪ್ಲಾಸಿಯ ಅದೇ ಕ್ಲೈವ್. ಇದ್ದ ಮನೆ ಕೆಡವಿಸಿ 1769ರಿಂದ ಬ್ರೌನ್ ಕೈಲಿ ಹೊಸ ಮನೆ ಕಟ್ಟಿಸಿ ಪಾರ್ಕು ರೆಡಿ ಮಾಡಿಸ್ದ. ಅದೇ 1769, 70ರಲ್ಲಿ ಬಂಗಾಳದಲ್ಲಿ ಬರ. ಕ್ಲೈವ್ ಅಷ್ಟೊತ್ತಿಗೆ ಅಲ್ಲಿಂದ ವಾಪಸ್ ಬಂದಿದ್ದ, ಅದೂ ಹೇಳ್ಬೇಕು. ಆದ್ರೆ ಅಲ್ಲಿ ಕಂದಾಯ ಎತ್ತೋ ಹಕ್ಕನ್ನ 1765ರಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಬರೆಸಿಕೊಟ್ಟಿದ್ದು ಅವನೇ. ಬರದಲ್ಲಿ ಕೊನೇಪಕ್ಷ ಮೂರನೇ ಒಂದು ಭಾಗ ಜನ ಹೋದ್ರು ಅಂತ ಬರೆದಿದ್ದು ಯಾವ ಕ್ರಾಂತಿಕಾರೀನೂ ಅಲ್ಲ, ಕಂಪನಿಯ ಗವರ್ನರ್ ವಾರನ್ ಹೇಸ್ಟಿಂಗ್ಸು, 1772ರಲ್ಲಿ. ಅದೇ ಕಾಗದದಲ್ಲಿ ಇನ್ನೊಂದು ಮಾತೂ ಬರೆದ: ಇಷ್ಟಾದ್ರೂ 1771ರ ಕಂದಾಯ ವಸೂಲಿ 1768ಕ್ಕಿಂತ ಜಾಸ್ತಿಯೇ ಆಗಿದೆ ಅಂತ. ಸತ್ತವರ ಪಾಲಿನ ಕಂದಾಯಾನ ಬದುಕುಳಿದವರ ಹತ್ರ ಕಿತ್ಕೊಂಡ್ರೆ ಜಾಸ್ತಿ ಆಗ್ದೆ ಏನಾಗುತ್ತೆ. ಪಾರ್ಲಿಮೆಂಟಲ್ಲಿ ವಿಚಾರಣೆ ಬಂದಾಗ ಕ್ಲೈವ್, ನಾನು ತಗೊಂಡಿದ್ದು ಎಷ್ಟು ಕಮ್ಮಿ ಅಂತ ನೆನೆಸ್ಕೊಂಡ್ರೆ ನನ್ನ ಸಂಯಮಕ್ಕೆ ನನಗೇ ಆಶ್ಚರ್ಯ ಆಗುತ್ತೆ ಅಂದ್ನಂತೆ. ಇಲ್ಲಿ ತಮಾಷೆ ಮಾಡೋಣ ಅಂತ ಎರಡು ಸಾಲು ಬರೆದು ಅಳಿಸಿದೆ. ಆಗಲ್ಲ. ಟೀ ಕುಡೀರಿ, ಸ್ಕೋನ್ ತಿನ್ನಿ, ಯಾರೂ ತಟ್ಟೆ ಕಿತ್ಕೊಳ್ತಿಲ್ಲ, ಆದ್ರೆ ಇದನ್ನ ಒಂದು ಬೋರ್ಡಲ್ಲಿ ಬರೆಯೋದೇ ಅತಿಯಾಯ್ತು ಅಂತಾರಲ್ಲ, ಅದಕ್ಕೆ ಸಿಟ್ಟು ಬರೋದಕ್ಕಿಂತ ಸುಸ್ತಾಗುತ್ತೆ.

ಆಮೇಲೆ ಆ ಕ್ಲೈವ್ ಮಗ ಎಡ್ವರ್ಡು ಮದ್ರಾಸಿಗೆ ಗವರ್ನರ್ ಆಗಿ ಬಂದ, ಅವನಿದ್ದಾಗಲೇ 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಟಿಪ್ಪುವಿನ ಹೂಬಳ್ಳಿ ಚಿಂಟ್ಸ್ ಬಟ್ಟೆಯ ಡೇರೆ ಇವ್ರ ಪಾಲಿಗೆ ಬಂತು. ಈಗ ವೇಲ್ಸಿನ ಪೊವಿಸ್ ಕೋಟೆಯಲ್ಲಿದೆ, ಅದೂ ಟ್ರಸ್ಟಿನದೇ. ಯುದ್ಧದಲ್ಲಿ ಗೆದ್ದು ತಂದ ಡೇರೆ ಏನಕ್ಕೆ ಉಪಯೋಗ ಆಯ್ತು ಗೊತ್ತಾ, ಗಾರ್ಡನ್ ಪಾರ್ಟಿಗೆ ಶಾಮಿಯಾನ. ಬಾಡಿಗೆ ಉಳೀತು.

ಕಾಟ್ಸ್‌ವೋಲ್ಡ್ಸ್ ಕಡೆ ಸೀಜಿನ್‌ಕೋಟ್ ಅಂತ ಇನ್ನೊಂದಿದೆ, ಕಂಪನಿಯಲ್ಲಿ ದುಡಿದು ಬಂದ ಚಾರ್ಲ್ಸ್ ಕಾಕರೆಲ್ 1805ರ ಸುಮಾರಿಗೆ ಕಟ್ಟಿಸಿದ್ದು. ಇಂಗ್ಲಿಷ್ ಮಳೆಯಲ್ಲಿ ನೆನೀತಾ ನಿಂತ ಮೊಘಲ್ ಗುಮ್ಮಟ, ತೋಟದಲ್ಲಿ ಸೂರ್ಯನ ಗುಡಿ, ಸೇತುವೆ ಮೇಲೆ ನಂದಿಗಳು. ಸಾಲಾಗಿ ಕೂತಿವೆ. ಎದುರಿಗೆ ಈಶ್ವರ ಇಲ್ಲ, ಅಭಿಷೇಕ ಮಾತ್ರ ವರ್ಷಪೂರ್ತಿ.

ಕೊನೇದಾಗಿ ಜಪಾನಿನ ನಾಟ್‌ವೀಡ್. ಈ ಗಿಡ 1850ರಲ್ಲಿ ಲಂಡನ್ನಿನ ಕ್ಯೂ ಗಾರ್ಡನ್ಸ್ ಅನ್ನೋ ಸಸ್ಯೋದ್ಯಾನಕ್ಕೆ ಬಂತು. ಎಷ್ಟು ಚಂದ, ಎಷ್ಟು ಸೊಂಪು ಅಂತ ದೊಡ್ಡೋರೆಲ್ಲ ನೆಟ್ಕೊಂಡ್ರು. ಈಗ ಅದು ಟಾರು ಸೀಳ್ಕೊಂಡು ಬರುತ್ತೆ, ಕತ್ತರಿಸಿದ ಚೂರು ಬಿದ್ದಲ್ಲೇ ಚಿಗುರುತ್ತೆ, ಮನೆ ಹಿತ್ತಲಲ್ಲಿ ಇದೆ ಅಂದ್ರೆ ಬ್ಯಾಂಕಿನವ್ರು ಸಾಲ ಕೊಡಕ್ಕೆ ಹಿಂದೆ ಮುಂದೆ ನೋಡ್ತಾರೆ, ಪೇಪರಲ್ಲಿ ಇದನ್ನ ವಿದೇಶಿ ದಾಳಿಕೋರ ಅಂತ ಬೈತಾರೆ, ಕರ್ಕೊಂಡು ಬಂದವ್ರು ಯಾರು ಅಂತ ಮಾತ್ರ ಬರೆಯಲ್ಲ. ಇಂಗ್ಲೆಂಡಲ್ಲಿ ಮನೆ ಮಾರ್ಬೇಕಾದ್ರೆ ತುಂಬೋ ಫಾರಮ್ಮಲ್ಲಿ ಇದಕ್ಕೇ ಅಂತ ಒಂದು ಪ್ರಶ್ನೆ ಇಟ್ಟಿದಾರೆ, ನಿಮ್ಮ ಜಾಗದಲ್ಲಿ ನಾಟ್‌ವೀಡ್ ಇದೆಯಾ ಅಂತ. ಟಿಕ್ ಹಾಕಕ್ಕೆ ಮೂರು ಡಬ್ಬಿ: ಹೌದು, ಇಲ್ಲ, ಗೊತ್ತಿಲ್ಲ.