ಸಮುದ್ರ ತೋರಿಸ್ತೇವೆ ಅಂತ ಕಿಸೆ ಖಾಲಿ ಮಾಡಿ ಕಳಿಸಿದ್ರು

ಮಂಡೆ ಬೆಚ್ಚ ಆಗಿ ಬರೀತಾ ಇದ್ದೇನೆ, ಭಾಷೆ ಸ್ವಲ್ಪ ಹೆಚ್ಚುಕಮ್ಮಿ ಆದ್ರೆ ಬೇಜಾರು ಮಾಡ್ಬೇಡಿ. ಶಾಲೆಗೆ ದೊಡ್ಡ ರಜೆ ಅಲ್ವಾ, ಕಾಸರಗೋಡು ಪೇಟೆ ಬದಿಯ ಮೈದಾನದಲ್ಲಿ ಸುತ್ತ ತಗಡು ಕಟ್ಟಿ ಸಮುದ್ರದೊಳಗಿನ ಲೋಕ ಅಂತ ಒಂದು ಪಾರ್ಕ್ ಹಾಕಿದ್ದಾರೆ, ಕುಂಬಳೆಯಿಂದಲೇ ಅದರ ಫ್ಲೆಕ್ಸ್ ಸುರು. ಫ್ಲೆಕ್ಸಲ್ಲಿ ಡಾಲ್ಫಿನ್ ಹಾರುವುದೇನು, ಶಾರ್ಕ್ ಬಾಯಿ ಕಳ್ದು ನಿಂತದ್ದೇನು. ಅಕ್ಕನ ಮಕ್ಕಳು ಅದನ್ನು ನೋಡಿದ ಮೇಲೆ ಮನೆಯಲ್ಲಿ ಬೇರೆ ಮಾತೇ ಇಲ್ಲ. ಸರಿ ಅಂತ ಅಮ್ಮನನ್ನೂ ಕರ್ಕೊಂಡು ಎಲ್ಲರೂ ಹೋದದ್ದು.

ಟಿಕೆಟು ತಲೆಗೆ 150. ಅದು ಬಾಗಿಲಿಗೆ ಮಾತ್ರ ಮಾರಾಯ್ರೆ! ಒಳಗೆ ಹೋದ್ರೆ ಜಲಕನ್ಯೆ ಶೋಗೆ ಬೇರೆ, ದೋಣಿ ಉಯ್ಯಾಲೆಗೆ ಬೇರೆ, ಮಕ್ಕಳು ಗಾಳಿ ತುಂಬಿದ ಜಾರುಬಂಡಿ ಹತ್ತಿದ್ರೆ ಬೇರೆ, ಆಮೇಲೆ ಬಾಗಿಲಲ್ಲಿ ಒಬ್ಬ ನಮ್ಮನ್ನು ಕೇಳದೆಯೇ ಫೋಟೋ ತೆಗ್ದು ಹೊರಗೆ ಬರುವಾಗ ಫ್ರೇಮ್ ಹಾಕಿ ರೆಡಿ ಇಟ್ಟಿರ್ತಾನೆ, ಬೇಡ ಅಂದ್ರೆ ಮಕ್ಕಳ ಎದುರೇ ಅದನ್ನು ಎತ್ತಿ ಎತ್ತಿ ತೋರಿಸ್ತಾನೆ, ಮಕ್ಕಳು ಬೊಬ್ಬೆ ಹಾಕದೆ ಇರ್ತಾವಾ? ಇದನ್ನೆಲ್ಲ ಹೊರಗಿನ ಬೋರ್ಡಲ್ಲಿ ಬರೆದಿದ್ರೆ ನಾವು ಯೋಚನೆ ಮಾಡಿಯೇ ಹೋಗ್ತಿದ್ವು. ಬೋರ್ಡ್ ಇದ್ದದ್ದೂ ಮಲಯಾಳ ಮತ್ತು ಇಂಗ್ಲಿಷಲ್ಲಿ ಮಾತ್ರ, ಕಾಸರಗೋಡಲ್ಲಿ ಕನ್ನಡದಲ್ಲಿ ಒಂದು ಗೆರೆ ಬರೆಯುವಷ್ಟು ಪೈಂಟ್ ಸಿಗ್ಲಿಲ್ಲ ಕಾಣ್ತದೆ. ಆ ಜಗಳ ಇವತ್ತಿನದ್ದಲ್ಲ, ಬಿಡಿ.

ಈಗ ಮುಖ್ಯ ವಿಷಯ. ತಲೆ ಮೇಲೆ ಮೀನು ಈಜುವಾಗ ನಾವು ಅಡಿಯಲ್ಲಿ ನಡೆಯುವ ಗಾಜಿನ ಸುರಂಗ ಅಂತ ಹೇಳ್ತಾರಲ್ಲ, ಅದು ಗಾಜೂ ಅಲ್ಲ, ಅಕ್ರಿಲಿಕ್, ಅಂದ್ರೆ ಗಾಜಿನ ಹಾಗೆ ಕಾಣುವ ಪ್ಲಾಸ್ಟಿಕ್. ಕೈಯಲ್ಲಿ ಉಜ್ಜಿ ಉಜ್ಜಿ ಗೀರು ಬಿದ್ದು ಮಂಜಾಗಿದೆ, ಮೂಲೆಯಲ್ಲೆಲ್ಲ ಹಸಿರು ಪಾಚಿ. ಮೇಲೆ ಒಂದು ದೊಡ್ಡ ಮೀನು, ಬಾಲದ ಕಡೆ ಚಿಪ್ಪಿನ ಅಂಚು ಕೆಂಪು, ಮೂತಿ ಅಕ್ರಿಲಿಕ್‌ಗೆ ತಾಗಿ ತಾಗಿ ಬಿಳಿ ಗಾಯ ಆಗಿದೆ ಪಾಪ. ಅದು ಅರಪೈಮ. ದಕ್ಷಿಣ ಅಮೆರಿಕದ ಅಮೆಜಾನ್ ನದಿಯದ್ದು, ಶುದ್ಧ ಸಿಹಿನೀರಿನ ಮೀನು! ಆಗಾಗ ಮೇಲೆ ಬಂದು ಗಾಳಿ ನುಂಗದಿದ್ರೆ ಅದು ಬದುಕುವುದಿಲ್ಲ. ಅದರ ಪಕ್ಕ ಮೊಸಳೆ ಮೂತಿಯ ಅಲಿಗೇಟರ್ ಗಾರ್, ಅದು ಉತ್ತರ ಅಮೆರಿಕದ ನದಿಗಳದ್ದು. ಉಳಿದದ್ದು ಕೆಂಪು ಬಾಲದ ಕ್ಯಾಟ್‌ಫಿಶ್, ಗೌರಾಮಿ, ಕೋಯಿ. ಸಮುದ್ರದ ಮೀನು ಒಂದೇ ಒಂದು ಇಲ್ಲ. "ಇದು ನಮ್ಮ ಹೊಳೆಯ ಮುಗುಡಿನ ಹಾಗೆ ಉಂಟಲ್ಲ ಮಗಾ" ಅಂತ ಅಮ್ಮ ಹೇಳಿದ್ರು, ಹಿಂದಿದ್ದವರೆಲ್ಲ ನಗಾಡಿದ್ರು. ಅಮ್ಮ ಹೇಳಿದ್ದರಲ್ಲಿ ತಪ್ಪೆಂತ ಉಂಟು, ಇದೆಲ್ಲ ಹೊಳೆಯ ಮೀನೇ ಅಲ್ವಾ? 2018ರ ನೆರೆಯ ನಂತರ ಕೇರಳದ್ದೇ ಚಾಲಕುಡಿ ಹೊಳೆಯಲ್ಲಿ ಇದೇ ಅರಪೈಮ, ಇದೇ ಗಾರ್ ಸಿಕ್ಕಿತ್ತು, ಯಾರೋ ಸಾಕಿದ್ದು ನೀರಿನೊಟ್ಟಿಗೆ ತಪ್ಪಿಸಿಕೊಂಡು ಹೋದದ್ದು.

ಇಲ್ಲಿಂದ ನಡ್ಕೊಂಡು ಹೋದ್ರೆ ಕಸಬಾ ಕಡಪ್ಪುರ, ಮೀನು ಹಿಡಿಯುವವರ ಕಡಲ ಬದಿ. ಬೆಳಿಗ್ಗೆ ದೋಣಿ ಬರುವಾಗ ಹೋದ್ರೆ ಬಂಗುಡೆ, ಬೂತಾಯಿ, ತೊರಕೆ, ಅದೃಷ್ಟ ಇದ್ರೆ ಅಂಜಲ್ ಎಲ್ಲ ದುಡ್ಡು ಕೊಡದೆ ನೋಡ್ಬಹುದು. ಅಂಥ ಊರಿನವರಿಗೆ ಅಮೆಜಾನ್ ಹೊಳೆಯ ಮೀನು ತೋರಿಸಿ ಇದು ಸಮುದ್ರ ಅಂತ ಹೇಳುವ ಧೈರ್ಯ ಉಂಟಲ್ಲ, ಅದಕ್ಕೊಂದು ದೊಡ್ಡ ನಮಸ್ಕಾರ.

ಡಾಲ್ಫಿನ್ ಎಲ್ಲಿ ಅಂತ ಕೌಂಟರಲ್ಲಿ ಕೇಳಿದ್ರೆ ಒಂದು ಪ್ಲಾಸ್ಟಿಕ್ ಬೊಂಬೆ ಕಡೆ ಕೈ ತೋರಿಸಿದ. ನಮ್ಮ ದೇಶದಲ್ಲಿ ಡಾಲ್ಫಿನ್ ಶೋ ನಡೆಸ್ಲಿಕ್ಕೆ ಬಿಡ್ಬಾರ್ದು ಅಂತ ಕೇಂದ್ರ ಸರಕಾರ 2013ರಲ್ಲೇ ಹೇಳಿ ಆಗಿದೆ. ಅದು ಒಳ್ಳೇದೇ. ಇಲ್ಲ ಅಂತ ಗೊತ್ತಿದ್ದೂ ಫ್ಲೆಕ್ಸ್ ತುಂಬ ಅದನ್ನೇ ಹಾಕಿದ್ರೆ ಅದಕ್ಕೆ ಎಂತ ಹೇಳುವುದು?

ಜಲಕನ್ಯೆ ಶೋ ನೋಡಿ ನನಗೆ ಸಿಟ್ಟಿಗಿಂತ ಬೇಜಾರೇ ಆದದ್ದು. ಸಣ್ಣ ಪ್ರಾಯದ ಹುಡುಗಿ, ಕಾಲಿಗೆ ರಬ್ಬರ್ ಬಾಲ, ನೀರೊಳಗೆ ಉಸಿರು ಹಿಡ್ಕೊಂಡು ಕೈ ಬೀಸ್ತಾಳೆ, ಕಣ್ಣೆರಡೂ ಕೆಂಪು ಕೆಂಪು. ಮೇಲೆ ಬಂದು ಕೆಮ್ಮುವಷ್ಟರಲ್ಲಿ ಮೈಕಲ್ಲಿ ಮುಂದಿನ ಶೋಗೆ ಟಿಕೆಟ್ ಕೂಗಿ ಆಯ್ತು. ಎಷ್ಟು ಸಂಬಳ ಕೊಡ್ತಾರೋ ಅವಳಿಗೆ.

ಇನ್ನು ನೀರು. ಹೊರಗೆ ಬೆವರು ಸುರಿಯುವ ಸೆಖೆ, ಒಳಗೆ ಒಂದು ಫ್ಯಾನ್ ಸಮಾ ತಿರುಗುವುದಿಲ್ಲ. ನಾವು ಮನೆಯಿಂದ ತಂದ ಬಾಟ್ಲಿಯನ್ನು ಗೇಟಲ್ಲೇ ಬ್ಯಾಗಿಂದ ತೆಗ್ದು ಇಟ್ಕೊಂಡಿದ್ರು. ಒಳಗೆ 20 ರೂಪಾಯಿ ಎಂಆರ್‌ಪಿ ಇರುವ ಬಾಟ್ಲಿಗೆ 40. ಎಂಆರ್‌ಪಿಗಿಂತ ಹೆಚ್ಚು ತಗೊಳ್ಳುವುದು ಕಾನೂನು ಪ್ರಕಾರ ತಪ್ಪು, ಲೀಗಲ್ ಮೆಟ್ರಾಲಜಿಯವರಿಗೆ, ಅಂದ್ರೆ ತೂಕ-ಅಳತೆ ಇಲಾಖೆಯವರಿಗೆ, ಕಂಪ್ಲೇಂಟ್ ಕೊಡ್ಬಹುದು. ಅದನ್ನೇ ಹೇಳಿದೆ. "ಚೇಟ್ಟಾ, ಕೂಲಿಂಗ್ ಚಾರ್ಜ್" ಅಂತೆ! ಬಿಲ್ ಕೊಡು ಅಂದ್ರೆ ಬಿಲ್ ಮೆಶಿನ್ ಹಾಳಾಗಿದೆ. ಜಿಪೇ ಮೆಶಿನ್ ಮಾತ್ರ ಹಾಳಾಗುವುದಿಲ್ಲ ನೋಡಿ, ಅದು ಪ್ರತಿ ಸಲ ಗಟ್ಟಿಯಾಗಿ ಬೊಬ್ಬೆ ಹೊಡೀತದೆ.

ಬಾಟ್ಲಿಯ ಎಂಆರ್‌ಪಿ ಕಾಣುವ ಹಾಗೆ ಫೋಟೋ ತೆಗ್ದಿದ್ದೇನೆ, ಜಿಪೇ ಸ್ಕ್ರೀನ್‌ಶಾಟೂ ಉಂಟು, ಎರಡನ್ನೂ ಸೇರಿಸಿ ಸೋಮವಾರ ಕಂಪ್ಲೇಂಟ್ ಕೊಡ್ತೇನೆ. ನಿಮಗೂ ಹೀಗೇ ಆಗಿದ್ರೆ ಸುಮ್ನೆ ಬೈದು ಕೂತ್ಕೊಳ್ಬೇಡಿ, ಒಂದೊಂದು ಅರ್ಜಿ ಹಾಕಿ ಮಾರಾಯ್ರೆ, ಒಬ್ಬ ಹಾಕಿದ್ರೆ ಮೂಲೆಗೆ ಎಸೀತಾರೆ.