ಶಾಲೆ ಬಿಡೋದು ನಾಲ್ಕೂವರೆಗೆ, ಗಾರ್ಮೆಂಟ್ಸ್ ವ್ಯಾನ್ ಬರೋದು ಆರೂಕಾಲಿಗೆ

ಮಂಡ್ಯದ ಹಳ್ಳಿಗಳಿಂದ ಗಾರ್ಮೆಂಟ್ಸಿಗೆ ಹೋಗುವ ತಾಯಂದಿರ ಶಾಲೆ ಮಕ್ಕಳನ್ನು ಶಾಲೆಯ ಮುಂಚೆ, ಆಮೇಲೆ ಯಾರು ನೋಡಿಕೊಳ್ಳಬೇಕು? ಮೂರು ವರ್ಷದೊಳಗಿನ ಮಗುವಿಗೆ ಪಂಚಾಯ್ತಿಯ ಶಿಶುಪಾಲನಾ ಕೇಂದ್ರ ಕೂಸಿನ ಮನೆ, ಮೂರರಿಂದ ಆರಕ್ಕೆ ಅಂಗನವಾಡಿ. 1948ರ ಕಾರ್ಖಾನೆ ಕಾಯ್ದೆಯ ಕಾಲದಿಂದಲೂ ಕಾರ್ಖಾನೆಯ ಶಿಶುಪಾಲನಾ ಕೊಠಡಿ ಆರು ವರ್ಷದೊಳಗಿನವರಿಗಷ್ಟೇ. ಒಂದನೇ ಕ್ಲಾಸು ಸೇರಿದ ಮೇಲೆ ಮಗು ಅಜ್ಜಿಯ ಪಾಲು. ಅಜ್ಜಿ ಇಲ್ಲದ ಮನೆಯಲ್ಲಿ ಬೀಗದಕೈ ಪಕ್ಕದ ಮನೆಯಲ್ಲಿರುತ್ತದೆ, ಮಗು ನಾಲೆ ಏರಿ ಮೇಲಿರುತ್ತದೆ.

ನಾನಿರುವ ಕೆನಡಾದ ಒಂಟಾರಿಯೊ ಇದರಲ್ಲಿ ಸ್ವರ್ಗವೇನಲ್ಲ. ಅಲ್ಲೂ ಕಡಿಮೆ ಶುಲ್ಕದ ಶಿಶುಪಾಲನಾ ಯೋಜನೆ ಆರು ತುಂಬುವ ಹೊತ್ತಿಗೆ ಮುಗಿಯುತ್ತದೆ. ಆದರೆ ಒಂದು ಕಾನೂನು ಇದೆ: ಸಾಕಷ್ಟು ಮನೆಗಳಿಂದ ಬೇಡಿಕೆ ಬಂದರೆ, ಆರನೇ ತರಗತಿವರೆಗಿನ ಮಕ್ಕಳಿಗೆ ಶಾಲೆಗೆ ಮುಂಚೆ ಮತ್ತು ಆಮೇಲೆ ನೋಡಿಕೊಳ್ಳುವ ಏರ್ಪಾಡನ್ನು ಸ್ಕೂಲ್ ಬೋರ್ಡು ಮಾಡಲೇಬೇಕು. ಹಾಗಾಗಿ ಮೊದಲು ಬೇಡಿಕೆ ಎಣಿಸುತ್ತಾರೆ. ಮಂಡ್ಯಕ್ಕೆ ತರಬೇಕಾದ್ದು ಈ ಎಣಿಕೆ. ಕಟ್ಟಡ, ಬಿಸಿಯೂಟದ ಪಾತ್ರೆ, ಶಾಲಾಭಿವೃದ್ಧಿ ಸಮಿತಿ ಅಂದರೆ ಎಸ್‌ಡಿಎಂಸಿ ಎಲ್ಲ ಊರಲ್ಲೇ ಇವೆ.

ಮಂಡ್ಯ ಜಿಲ್ಲೆಯ ಗೆಜ್ಜಲಗೆರೆ ಸುತ್ತಿನ ಒಂದು ಸರ್ಕಾರಿ ಶಾಲೆ ಅಂದುಕೊಳ್ಳಿ. ‘ಇಂಥದ್ದು ಬೇಕಾ?’ ಅಂತ ಕೇಳಿದರೆ ಎಲ್ಲರೂ ಹೂಂ ಅಂತಾರೆ, ಸೋಮವಾರ ಬರೋದು ಅರ್ಧ ಜನ. ಕೇಳಬೇಕಾದ್ದು ಬೇರೆ: ನಿಮ್ಮ ವ್ಯಾನ್ ಎಷ್ಟು ಗಂಟೆಗೆ, ಸಂಜೆ ಊರ ಬಾಗಿಲಿಗೆ ಎಷ್ಟಕ್ಕೆ ಬಿಡುತ್ತೆ, ಓಟಿ (ಹೆಚ್ಚುವರಿ ಹೊತ್ತಿನ ಕೆಲಸ) ಇದ್ದ ದಿನ ಎಷ್ಟಾಗುತ್ತೆ, ಆಗ ಮನೆಯಲ್ಲಿ ಯಾರಿರ್ತಾರೆ. ಒಂಬತ್ತರ ಶಿಫ್ಟಿಗೆ ಎಂಟಕ್ಕೆ ವ್ಯಾನ್ ಹತ್ತುವ ತಾಯಿಗೆ ಏಳೂವರೆಗೆ ಬಾಗಿಲು ತೆರೆದಿರಬೇಕು. ಐದೂವರೆಗೆ ಶಿಫ್ಟು ಬಿಟ್ಟರೂ ಅವಳು ಊರು ತಲುಪುವುದು ಆರೂಕಾಲು, ಆದ್ದರಿಂದ ಸಂಜೆ ಆರೂಮುಕ್ಕಾಲಿನವರೆಗೆ. ಆರಕ್ಕೇ ಬೀಗ ಹಾಕುವ ಕೇಂದ್ರ ಇದ್ದೂ ಇಲ್ಲದಂತೆ.

ಒಂಟಾರಿಯೊದಲ್ಲಿ ಒಂದನೇ ಕ್ಲಾಸಿನಿಂದ ಮೇಲಿನ 15 ಮಕ್ಕಳಿಗೆ ನೋಡಿಕೊಳ್ಳುವವರು ಒಬ್ಬರು, ಒಂದು ಗುಂಪಿನಲ್ಲಿ ಹೆಚ್ಚೆಂದರೆ 30. ನಮ್ಮಲ್ಲೂ ಅದು ಸರಿಹೋಗುತ್ತದೆ. ಈ ಶಾಲೆಯಲ್ಲಿ 28 ಮಕ್ಕಳು ಬಂದರು ಅಂದುಕೊಂಡರೆ ಇಬ್ಬರು, ಜೊತೆಗೆ ರಜೆ ಹಾಕಿದ ದಿನಕ್ಕೆ ಮೂರನೆಯವರೊಬ್ಬರು. ಈ ಮೂರನೆಯವರನ್ನು ಉಳಿತಾಯ ಅಂತ ಕೈಬಿಟ್ಟರೆ ಒಂದು ಜ್ವರ ಸಾಕು, ಕೇಂದ್ರ ಮುಚ್ಚಲು. ಇನ್ನೊಂದು ತೊಡಕು, ಬೆಳಿಗ್ಗೆ ಎರಡೂವರೆ ಗಂಟೆ, ಸಂಜೆ ಎರಡೂಕಾಲು ಗಂಟೆ ಅಂತ ಒಡೆದ ಕೆಲಸ. ಅರ್ಧ ದಿನದ ಕೂಲಿಗೆ ಇಡೀ ದಿನ ಕಟ್ಟಿಹಾಕಿದರೆ ಮೂರು ತಿಂಗಳಲ್ಲಿ ಬಿಟ್ಟು ಗಾರ್ಮೆಂಟ್ಸಿಗೇ ಹೋಗ್ತಾರೆ. ನಡುಹೊತ್ತಿನಲ್ಲಿ ಪಂಚಾಯ್ತಿ ಅರಿವು ಕೇಂದ್ರದ (ಗ್ರಂಥಾಲಯದ) ಕೆಲಸ ಸೇರಿಸಿ ಪೂರ್ತಿ ದಿನದ ಸಂಬಳ ಕೊಡುವುದೇ ಸರಿ.

ಸಂಜೆಗೆ ಬಿಸ್ಕತ್ತು ಬೇಡ. ತಲೆಗೆ 30 ಗ್ರಾಂ ಹೆಸರುಕಾಳು, 28 ಮಕ್ಕಳಿಗೆ 840 ಗ್ರಾಂ. ಹಿಂದಿನ ಸಂಜೆ ನೆನೆಹಾಕಿ, ಬೆಳಿಗ್ಗೆ ನೀರು ಬಸಿದು ಬಟ್ಟೆಯಲ್ಲಿ ಕಟ್ಟಿಟ್ಟರೆ ನಾಲ್ಕೂವರೆಗೆ ಉಸಲಿ ಒಗ್ಗರಣೆಗೆ ತಯಾರು. ಬೇಸಿಗೆಯಲ್ಲಿ ಕಟ್ಟಿದ ಕಾಳು ಬೇಗ ಹಳಸುತ್ತದೆ, ಆಗ ಅವಲಕ್ಕಿಯೇ ವಾಸಿ.

ಮಗುವನ್ನು ಕರೆದೊಯ್ಯುವ ಪುಸ್ತಕದ ವಿಷಯದಲ್ಲಿ ಸಡಿಲ ಬಿಡಬಾರದು. ಹೆಸರು, ಕರೆದೊಯ್ಯಬಹುದಾದ ಇಬ್ಬರ ಹೆಸರು, ಫೋನು, ಹೊರಟ ಸಮಯ, ಸಹಿ ಅಥವಾ ಹೆಬ್ಬೆಟ್ಟು. ಬರಬೇಕಾದ ಮಗು ಬಾರದಿದ್ದರೆ ಪೋಷಕರಿಗೆ ತಿಳಿಸುವ ಲಿಖಿತ ಕ್ರಮ 2024ರಿಂದ ಒಂಟಾರಿಯೊದ ಪರವಾನಗಿ ಕೇಂದ್ರಗಳಿಗೆಲ್ಲ ಕಡ್ಡಾಯ. ನಮ್ಮಲ್ಲಿ ಹಾಜರಿ ಕೂಗುವುದು ನಾಲ್ಕೂಮುಕ್ಕಾಲಿಗೆ ಮುಗಿಯಬೇಕು. ಐದನೇ ಕ್ಲಾಸಿನ ಅಕ್ಕ ತಮ್ಮನನ್ನು ಕರೆದೊಯ್ಯುವುದು ನಮ್ಮ ಕಡೆ ವಾಡಿಕೆ. ನಾಲೆ ದಾಟುವ ದಾರಿಯಾದರೆ, ಕಬ್ಬಿನ ಟ್ರ್ಯಾಕ್ಟರುಗಳ ಕಾಲವಾದರೆ ಅದಕ್ಕೆ ಒಪ್ಪಲೇಬಾರದು. ಊರೊಳಗೇ ಮನೆಯಿದ್ದರೆ ತಾಯಿಯ ಒಪ್ಪಿಗೆ ಬರೆಸಿಕೊಂಡು ಕಳಿಸಬಹುದು.

ಅಲ್ಲಿಂದ ನಕಲು ಮಾಡಿದರೆ ಕೆಡುವುದು ಶನಿವಾರ. ಒಂಟಾರಿಯೊದಲ್ಲಿ ಶನಿವಾರ ಶಾಲೆಯೇ ಇಲ್ಲ. ಮಂಡ್ಯದಲ್ಲಿ ಶಾಲೆ ಅರ್ಧ ದಿನ, ಗಾರ್ಮೆಂಟ್ಸು ಪೂರ್ತಿ ದಿನ. ಅಂದರೆ ವಾರದ ಅತಿ ಉದ್ದದ ಸರದಿ ಅವತ್ತೇ, ಊಟದ ಲೆಕ್ಕವೂ ಸೇರಿ. ಏಪ್ರಿಲ್-ಮೇ ರಜೆಗೂ ಇದೇ ಮಾತು. ಬರಪೀಡಿತ ತಾಲ್ಲೂಕುಗಳಲ್ಲಿ ಬೇಸಿಗೆ ರಜೆಯಲ್ಲೂ ಬಿಸಿಯೂಟ ನಡೆಸಿದ ರೂಢಿ ನಮ್ಮ ಇಲಾಖೆಗಿದೆ. ಅದೇ ಒಲೆಯನ್ನು ಈ ಮಕ್ಕಳಿಗೂ ಹಚ್ಚಲು ಎಸ್‌ಡಿಎಂಸಿ ಜನವರಿಯಲ್ಲೇ ಅರ್ಜಿ ಹಾಕಬೇಕು. ಮಾರ್ಚಿಗೆ ಬಿಟ್ಟರೆ ಪರೀಕ್ಷೆಯ ಗದ್ದಲದಲ್ಲಿ ಕಡತ ಕದಲುವುದಿಲ್ಲ.